ಬೀರುವಿನಲ್ಲಿದ್ದ ಒಂದೇ ಒಂದು ಹಾರ್ಡ್ ಡಿಸ್ಕ್

ನಮ್ಮ ಕನ್ನಡ ಸಂಘಕ್ಕೆ ಅಂತ ಒಂದು ಕೋಣೆ ಇಲ್ಲ, ಒಂದು ಬೀರು ಇದೆ. ಅದರಲ್ಲಿ ರಾಜ್ಯೋತ್ಸವದ ಬಾವುಟಗಳು, ನಾಟಕಕ್ಕೆ ತಂದ ಪೇಟಗಳು, ಒಂದು ಹರಿದ ಡೊಳ್ಳು, ಮತ್ತೆ ಒಂದು ಕಪ್ಪು ಬಣ್ಣದ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಪ್ರತಿ ವರ್ಷ ಸೀನಿಯರ್‌ಗಳು ಬೀಗದ ಕೈ ಕೊಡುವಾಗ "ಎಲ್ಲಾ ಡಿಸ್ಕಲ್ಲೇ ಇದೆ, ಹುಷಾರು ಕಣ್ರೋ" ಅಂತ ಹೇಳಿ ಹೋಗೋರು. ಎಲ್ಲಾ ಅದರಲ್ಲೇ ಇತ್ತು, ನಿಜ. ಬೇರೆ ಎಲ್ಲೂ ಇರಲಿಲ್ಲ ಅನ್ನೋದು ನಮಗೆ ಅರ್ಥವಾಗಿದ್ದು ಕಳೆದ ಸೆಮ್‌ನಲ್ಲಿ, ವಾರ್ಷಿಕೋತ್ಸವಕ್ಕೆ ಹಳೆಯ ಫೋಟೋಗಳ ಒಂದು ವಿಡಿಯೋ ಮಾಡೋಣ ಅಂತ ಅದನ್ನ ಲ್ಯಾಪ್‌ಟಾಪಿಗೆ ಚುಚ್ಚಿದ ದಿನ. ಲೈಟ್ ಹತ್ತಿತು. ಒಳಗಿಂದ ಟಕ್, ಟಕ್, ಟಕ್ ಅಂತ ಸದ್ದು ಬಂತು. ಸ್ಕ್ರೀನಿನ ಮೇಲೆ ಏನೂ ಬರಲಿಲ್ಲ. ಕೇಬಲ್ ಬದಲಾಯಿಸಿದೆವು, ಬೇರೆ ಲ್ಯಾಪ್‌ಟಾಪಿಗೆ ಹಾಕಿದೆವು. ಒಬ್ಬ ಯೂಟ್ಯೂಬ್ ನೋಡಿ ಫ್ರಿಜ್ಜಲ್ಲಿ ಇಡೋಣ ಅಂದ. (ದಯವಿಟ್ಟು ಯಾರೂ ಇಡಬೇಡಿ. ಒಳಗೆ ತೇವ ಕೂತು ಉಳಿದಿದ್ದೂ ಹೋಗುತ್ತೆ.)

ಡೇಟಾ ರಿಕವರಿ ಮಾಡೋರೊಬ್ಬರು ನೋಡಿ, ಹೆಡ್ ಹೋಗಿದೆ, 30,000 ರೂಪಾಯಿ ಮೇಲಾಗುತ್ತೆ, ಎಷ್ಟು ಸಿಗುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ ಅಂದರು. ನಮ್ಮ ಸಂಘದ ಇಡೀ ವರ್ಷದ ಬಜೆಟ್ಟೇ ಅಷ್ಟಿಲ್ಲ.

ನಾಟಕಗಳಲ್ಲಿ ಕೆಲವು ಯೂಟ್ಯೂಬಿನಲ್ಲಿವೆ. ಫೋಟೋಗಳು ಅವರಿವರ ಫೋನಿಂದ ಅರ್ಧದಷ್ಟು ಸಿಕ್ಕವು. ಸಿಗದೇ ಹೋಗಿದ್ದು ಒಂದು. ಕೊರೊನಾ ಬರೋಕೆ ಮುಂಚೆ ಆಗಿನ ಸೀನಿಯರ್‌ಗಳು ನಮ್ಮ ಲೈಬ್ರರಿಯ ಅಟೆಂಡರ್ ಒಬ್ಬರ ಜತೆ ಮುಕ್ಕಾಲು ಗಂಟೆ ಮಾತಾಡಿ ರೆಕಾರ್ಡ್ ಮಾಡಿದ್ದರು. ಕಾಲೇಜು ಶುರುವಾದಾಗಿಂದ ಇದ್ದವರು ಅವರು. ನಡುನಡುವೆ ತಮ್ಮೂರಿನ ತತ್ವಪದಗಳನ್ನೂ ಹಾಡಿದ್ದರಂತೆ. ಅವರು ಈಗ ಇಲ್ಲ. ಹಳೆಯ ವಾಟ್ಸಾಪ್ ಗುಂಪಿನಲ್ಲಿ 40 ಸೆಕೆಂಡಿನ ಒಂದು ತುಣುಕು ಉಳಿದಿದೆ, ಅಷ್ಟೇ.

ಡಿಸ್ಕ್ ಮಾಡಿದ ಕಂಪನಿಯನ್ನ ಬಯ್ಯೋಕೆ ನಮಗೆ ಬಾಯಿಲ್ಲ. ಏಳು ವರ್ಷ ಹಳೆಯದು, ಬ್ಯಾಗಲ್ಲಿ ಹಾಕ್ಕೊಂಡು ಬಸ್ಸಲ್ಲಿ ಓಡಾಡಿದ್ದು, ಓಡುತ್ತಿರುವಾಗಲೇ ಎಷ್ಟೋ ಸಲ ಕೇಬಲ್ ಕಿತ್ತಿದ್ದು. ಹೊಸದು ಕೊಳ್ಳೋದಕ್ಕೆ ನಮ್ಮ ಸಂಚಾಲಕ ಮೇಷ್ಟ್ರು 10,000 ರೂಪಾಯಿ ಮಂಜೂರು ಮಾಡಿಸಿಕೊಟ್ಟರು. "ಈ ಸಲ ಕೆಡದೇ ಇರೋದು ತಗೊಳ್ರಪ್ಪ" ಅಂದರು. ಅಂಥದ್ದು ಯಾವುದು ಅಂತ ಮೂರು ವಾರ ಓದಿದೆವು. ಓದಿದ್ದರಲ್ಲಿ ನಿಮಗೂ ಬೇಕಾಗುವಷ್ಟನ್ನ ಇಲ್ಲಿ ಬರೀತಿದ್ದೇವೆ. ಯಾಕಂದ್ರೆ ಹಾಸ್ಟೆಲಲ್ಲಿ ವಿಚಾರಿಸಿದಾಗ ಹತ್ತರಲ್ಲಿ ಒಂಬತ್ತು ಜನರ ಪರಿಸ್ಥಿತಿ ನಮ್ಮ ಬೀರುವಿನ ಹಾಗೇ ಇತ್ತು.

ಒಳಗೆ ಏನಿದೆ

ಹಾರ್ಡ್ ಡಿಸ್ಕ್ ಅಂದರೆ ತಿರುಗುವ ತಟ್ಟೆ. 1956ರಲ್ಲಿ ಐಬಿಎಂ ಮಾಡಿದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದದ್ದು ಇವತ್ತಿನ ಒಂದು ಫೋಟೋದಷ್ಟು, ಸುಮಾರು 4 ಎಂಬಿ. ಈಗ ಅಂಗೈಯಲ್ಲಿ ಹಿಡಿಯೋ 2.5 ಇಂಚಿನ ಡಿಸ್ಕಿನಲ್ಲಿ ಒಂದೋ ಎರಡೋ ತಟ್ಟೆ ಇರುತ್ತೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಅದರ ಮೇಲೆ ಓದುವ-ಬರೆಯುವ ಹೆಡ್, ತಟ್ಟೆಯನ್ನ ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಗಾಳಿಯ ಮೇಲೆ ತೇಲುತ್ತೆ. ನಮ್ಮ ತಲೆಕೂದಲು ಹತ್ತಾರು ಸಾವಿರ ನ್ಯಾನೋಮೀಟರ್ ದಪ್ಪ. ಲೆಕ್ಕ ಹಾಕಿಕೊಳ್ಳಿ, ತಿರುಗುತ್ತಿರುವ ಡಿಸ್ಕನ್ನ ಹಾಸಿಗೆ ಮೇಲೆ ಇಟ್ಟು ನಾವು ಮಗ್ಗುಲು ಬದಲಾಯಿಸಿದರೆ ಆ ಹೆಡ್ಡಿಗೆ ಏನಾಗಬಹುದು ಅಂತ. ಆಫ್ ಆಗಿದ್ದಾಗ ಹೆಡ್ ತಟ್ಟೆಯಿಂದ ಆಚೆ ಬಂದು ಒಂದು ಪಕ್ಕದಲ್ಲಿ ಕೂತಿರುತ್ತೆ. ಆಗ ಸಣ್ಣಪುಟ್ಟ ಪೆಟ್ಟು ತಡ್ಕೊಳ್ಳುತ್ತೆ. ಓಡುವಾಗ ಬಿದ್ದರೆ ಮಾತ್ರ ಕಷ್ಟ. ಟಕ್ ಟಕ್ ಸದ್ದು ಅಂದರೆ ಹೆಡ್ ತನಗೆ ಬೇಕಾದ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರ್ತಿದೆ ಅಂತ. ಆ ಸದ್ದು ಕೇಳಿದ ಕೂಡಲೇ ತೆಗೆದು ಪಕ್ಕಕ್ಕಿಡಬೇಕಿತ್ತು. ನಾವು ಅರ್ಧ ದಿನ ಹಾಕಿ ತೆಗೆದು ಹಾಕಿ ತೆಗೆದು ಮಾಡಿದೆವು. ಉಳಿದಿದ್ದ ಚೂರುಪಾರನ್ನೂ ನಾವೇ ಕೆರೆದು ಹಾಕಿರಬಹುದು.

ಯಾವ ಕಂಪನಿ?

ನಾವು ಮೊದಲು ಹುಡುಕಿದ್ದು ಇದನ್ನೇ. ಉತ್ತರ ಅಷ್ಟು ಮಜವಾಗಿಲ್ಲ. ಇವತ್ತು ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ತಯಾರಿಸೋದು ಮೂರೇ ಕಂಪನಿ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಮ್ಯಾಕ್ಸ್‌ಟರ್ 2006ರಲ್ಲಿ, ಸ್ಯಾಮ್‌ಸಂಗ್‌ನ ಹಾರ್ಡ್ ಡಿಸ್ಕ್ ವಿಭಾಗ 2011ರಲ್ಲಿ ಸೀಗೇಟ್ ಪಾಲಾದವು. ಐಬಿಎಂ ತನ್ನದನ್ನ ಹಿಟಾಚಿಗೆ ಮಾರಿತು, ಅದನ್ನ 2012ರಲ್ಲಿ ವೆಸ್ಟರ್ನ್ ಡಿಜಿಟಲ್ ತಗೊಂಡಿತು. ಡಬ್ಬಿ ಮೇಲೆ ಬೇರೆ ಯಾವುದೇ ಹೆಸರಿದ್ದರೂ ಒಳಗಿರೋ ಹಾರ್ಡ್ ಡಿಸ್ಕ್ ಈ ಮೂವರಲ್ಲಿ ಒಬ್ಬರದ್ದು.

ಯಾರದ್ದು ಕಡಿಮೆ ಕೆಡುತ್ತೆ ಅನ್ನೋದಕ್ಕೆ ಬಹಿರಂಗವಾಗಿ ಸಿಗೋ ದೊಡ್ಡ ಲೆಕ್ಕ ಅಂದರೆ ಬ್ಯಾಕ್‌ಬ್ಲೇಜ್ ಅನ್ನೋ ಅಮೆರಿಕದ ಬ್ಯಾಕಪ್ ಕಂಪನಿಯದ್ದು. ತಮ್ಮ ಡೇಟಾ ಸೆಂಟರ್‌ಗಳ ಡಿಸ್ಕುಗಳಲ್ಲಿ ಯಾವ ಮಾದರಿ ಎಷ್ಟು ಕೆಟ್ಟಿತು ಅಂತ 2013ರಿಂದ ಪ್ರಕಟಿಸ್ತಾ ಬಂದಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ ಒಂದರಿಂದ ಎರಡರ ನಡುವೆ ಇದೆ. ಆ ಪಟ್ಟಿ ಓದುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತೆ: ಕಂಪನಿ-ಕಂಪನಿಗಿಂತ ಮಾದರಿ-ಮಾದರಿಗೆ ವ್ಯತ್ಯಾಸ ಜಾಸ್ತಿ. ಸೀಗೇಟ್‌ನ ಒಂದು 3 ಟಿಬಿ ಮಾದರಿ ಅವರಲ್ಲಿ ಸಾಲುಸಾಲಾಗಿ ಕೆಟ್ಟಿತು. ಅದೇ ಕಂಪನಿಯ 4 ಟಿಬಿ ಮಾದರಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ವರ್ಷಗಟ್ಟಲೆ ಓಡಿತು. ಅವರದ್ದು ದೊಡ್ಡ 3.5 ಇಂಚಿನ ಡಿಸ್ಕುಗಳು, ತಂಪು ಕೋಣೆಯಲ್ಲಿ ಅಲ್ಲಾಡದೆ ಕೂತಿರೋವು. ನಮ್ಮವು ಬ್ಯಾಗಲ್ಲಿ ಟಿಫಿನ್ ಡಬ್ಬಿ ಜತೆ ಓಡಾಡೋವು. ಸಾಲದ್ದಕ್ಕೆ, ಒಂದು ಮಾದರಿ ಗಟ್ಟಿ ಅಂತ ನಾಲ್ಕು ವರ್ಷದ ಲೆಕ್ಕದಿಂದ ಗೊತ್ತಾಗೋ ಹೊತ್ತಿಗೆ ಅದು ಅಂಗಡಿಯಲ್ಲಿ ಸಿಗಲ್ಲ.

ಹಾಗಂತ ಆ ಅಂಕಿ ಉಪಯೋಗಕ್ಕೆ ಬರಲ್ಲ ಅಂತಲ್ಲ. ವರ್ಷಕ್ಕೆ ನೂರಕ್ಕೆ 1.5 ಅಂತ ಇಟ್ಕೊಳ್ಳಿ. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಒಂದು ಡಿಸ್ಕ್ ಕೆಡದೇ ಉಳಿಯೋ ಸಂಭವ 0.985ರ ನಾಲ್ಕನೇ ಘಾತ, ಸುಮಾರು 0.94. ಅಂದರೆ 60 ಜನರ ಕ್ಲಾಸಿನಲ್ಲಿ ಎಲ್ಲರ ಹತ್ತಿರ ಒಂದೊಂದಿದ್ದರೆ, ಡಿಗ್ರಿ ಮುಗಿಯೋಷ್ಟರಲ್ಲಿ ಮೂರೋ ನಾಲ್ಕೋ ಜನರದ್ದು ಹೋಗಿರುತ್ತೆ. ಅದೂ ಡೇಟಾ ಸೆಂಟರಿನ ಹಾಗೆ ಸಾಕಿದರೆ! ಆ ಮೂರು-ನಾಲ್ಕರಲ್ಲಿ ನಮ್ಮದು ಇರಲ್ಲ ಅಂತ ಹೇಳೋ ಬ್ರಾಂಡ್ ಯಾವುದೂ ಇಲ್ಲ. ಎಸ್.ಪಿ. ರೋಡಿನ ಅಂಗಡಿಯವರು "ಯಾವ್ದಾದ್ರೂ ತಗೊಳ್ಳಿ ಸರ್, ಎಲ್ಲಾ ಒಂದೇ" ಅಂದಾಗ ನಮಗೆ ಸಿಟ್ಟು ಬಂದಿತ್ತು. ಈಗ ನೋಡಿದರೆ ಅವರು ಮೂರು ವಾರ ಓದದೇನೇ ಸರಿಯಾಗಿ ಹೇಳಿದ್ದರು.

ಹಾಗಾದ್ರೆ ಏನು ನೋಡಿ ಕೊಳ್ಳೋದು

ಮೊದಲು, ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ, ಬಿದ್ದರೂ ಚಿಂತೆ ಕಡಿಮೆ, ವೇಗ ಹಲವು ಪಟ್ಟು. ದಿನಾ ಕ್ಯಾಂಪಸ್ಸಿಗೆ ತಗೊಂಡು ಹೋಗಿ ಅದರಿಂದಲೇ ಕೆಲಸ ಮಾಡೋರಿಗೆ ಅದೇ ಸರಿ. ಆದರೆ ಅಷ್ಟೇ ಜಾಗಕ್ಕೆ ದುಡ್ಡು ಜಾಸ್ತಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಎಸ್‌ಎಸ್‌ಡಿ ಮಾಹಿತಿಯನ್ನ ಇಟ್ಟುಕೊಳ್ಳೋದು ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಟ್ಟ ವಿದ್ಯುತ್ ಚಾರ್ಜಿನ ರೂಪದಲ್ಲಿ. ಕರೆಂಟು ಕೊಡದೆ ವರ್ಷಗಟ್ಟಲೆ ಬಿಟ್ಟರೆ ಅದು ನಿಧಾನಕ್ಕೆ ಸೋರುತ್ತೆ. ಜೆಡೆಕ್ ಅನ್ನೋ ಮಾನದಂಡ ಸಂಸ್ಥೆಯ ಪ್ರಕಾರ, ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರವಣಿಗೆಯ ಆಯಸ್ಸನ್ನೆಲ್ಲ ಮುಗಿಸಿದ ಮೇಲೂ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು. ಹೊಸದು ಅದಕ್ಕಿಂತ ಎಷ್ಟೋ ಹೆಚ್ಚು ಉಳಿಸಿಕೊಳ್ಳುತ್ತೆ, ಗಾಬರಿ ಬೇಡ. ಆದರೆ ಬೀರುವಿನಲ್ಲಿಟ್ಟು ಮರೆತುಬಿಡೋ ನಮ್ಮಂಥವರಿಗೆ ಹಾರ್ಡ್ ಡಿಸ್ಕೇ ವಾಸಿ ಅನ್ನಿಸಿತು.

ಹಾರ್ಡ್ ಡಿಸ್ಕಿನಲ್ಲಿ 3.5 ಇಂಚಿನದ್ದಕ್ಕೆ ಬೇರೆ ಅಡಾಪ್ಟರ್ ಬೇಕು, ಟೇಬಲ್ ಬಿಟ್ಟು ಕದಲಬಾರದು. ಹಾಸ್ಟೆಲಿಗೆ 2.5 ಇಂಚಿನದ್ದು ಸಾಕು, ಯುಎಸ್‌ಬಿ ಕರೆಂಟಿನಲ್ಲೇ ಓಡುತ್ತೆ. ಲ್ಯಾಪ್‌ಟಾಪಿನಲ್ಲಿ ತುಂಬಿರೋದರ ಎರಡರಷ್ಟು ಜಾಗ ಇರೋದು ತಗೊಳ್ಳಿ. 1 ಟಿಬಿ ಅಂತ ಕೊಂಡರೆ ವಿಂಡೋಸ್ 931 ಜಿಬಿ ಅಂತ ತೋರಿಸುತ್ತೆ. ಅದು ಮೋಸ ಅಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಮೋಸ ಅಂದರೆ ಬೇರೆ ಇದೆ. ಆನ್‌ಲೈನಿನಲ್ಲಿ "16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ" ಅಂತ ಎರಡು ಸಾವಿರ ರೂಪಾಯಿಗೆ ಮಾರ್ತಾರಲ್ಲ, ಅಂಥವನ್ನ ಬಿಚ್ಚಿದರೆ ಒಳಗೆ ಸಿಗೋದು ಒಂದೆರಡು ಮೆಮೊರಿ ಕಾರ್ಡು. 16 ಟಿಬಿ ಅಂತ ಕಂಪ್ಯೂಟರಿಗೆ ಸುಳ್ಳು ಹೇಳೋ ಹಾಗೆ ಅದರ ಫರ್ಮ್‌ವೇರ್ ತಿದ್ದಿರ್ತಾರೆ. ನಿಜವಾದ ಜಾಗ ಮುಗಿದ ಮೇಲೂ ಕಾಪಿ ಆಗ್ತಾನೇ ಇರುತ್ತೆ, ಫೈಲಿನ ಹೆಸರುಗಳೂ ಕಾಣ್ತವೆ, ತೆರೆದರೆ ಒಳಗೆ ಏನೂ ಇರಲ್ಲ. ಕೆಟ್ಟುಹೋದ ಡಿಸ್ಕಿಗಿಂತ ಇದು ಅಪಾಯ, ಯಾಕಂದ್ರೆ ಬ್ಯಾಕಪ್ ಇದೆ ಅಂತ ನೀವು ನಂಬಿಕೊಂಡು ಕೂತಿರ್ತೀರಿ.

ಇನ್ನೊಂದು ಪದ ನೀವು ಕೇಳಬಹುದು: ಎಸ್‌ಎಂಆರ್. ಜಾಗ ಉಳಿಸೋಕೆ ತಟ್ಟೆಯ ಮೇಲಿನ ಪಟ್ಟಿಗಳನ್ನ ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಒಂದು ಬರುವಂತೆ ಬರೀತಾರೆ. ನಡುವಿನ ಒಂದು ಹೆಂಚು ಬದಲಾಯಿಸಬೇಕಂದ್ರೆ ಅದರ ಮೇಲೆ ಕೂತಿರೋವನ್ನೂ ಎತ್ತಬೇಕಲ್ಲ, ಹಾಗೇ ಇಲ್ಲೂ ಒಂದು ಪಟ್ಟಿ ತಿದ್ದೋಕೆ ಪಕ್ಕದವನ್ನೂ ಮತ್ತೆ ಬರೀಬೇಕು. ಹಾಗಾಗಿ ದೊಡ್ಡ ಪ್ರಮಾಣದಲ್ಲಿ ತಿದ್ದಿ ಬರೆಯುವಾಗ ನಿಧಾನ ಆಗುತ್ತೆ. ಈಗಿನ 2.5 ಇಂಚಿನ ಡಿಸ್ಕುಗಳು ಹೆಚ್ಚುಕಮ್ಮಿ ಎಲ್ಲ ಇದೇ ಥರ. ವಾರಕ್ಕೊಮ್ಮೆ ಬ್ಯಾಕಪ್ ತಗೊಳ್ಳೋಕೆ ಇದರಿಂದ ತೊಂದರೆ ಇಲ್ಲ. ವಿಡಿಯೋ ಎಡಿಟಿಂಗನ್ನ ನೇರವಾಗಿ ಅದರ ಮೇಲೇ ಮಾಡೋರು, ಅಂದರೆ ಹಳೆಯ ನಾವು, ಬಿಟ್ಟುಬಿಡಬೇಕು.

ವಾರಂಟಿ ಬಗ್ಗೆ ಒಂದೇ ಮಾತು. ಮೂರು ವರ್ಷದ ವಾರಂಟಿ ಅಂದರೆ ಕೆಟ್ಟ ಡಿಸ್ಕಿನ ಬದಲು ಬೇರೆ ಡಿಸ್ಕ್ ಕೊಡ್ತಾರೆ. ಒಳಗಿದ್ದದ್ದನ್ನ ವಾಪಸ್ ಕೊಡ್ತೀವಿ ಅಂತ ಅಲ್ಲ. ಕೆಲವು ಮಾದರಿಗಳ ಜತೆ ಡೇಟಾ ರಿಕವರಿ ಸೇವೆಯೂ ಬರುತ್ತೆ, ಎಷ್ಟು ವರ್ಷಕ್ಕೆ ಅಂತ ಡಬ್ಬಿ ಮೇಲೆ ನೋಡಿ. ಬಿಲ್ ಮಾತ್ರ ತಪ್ಪದೆ ತಗೊಳ್ಳಿ, ಅದರ ಫೋಟೋ ಇಟ್ಕೊಳ್ಳಿ. (ಅದೇ ಡಿಸ್ಕಿನಲ್ಲಿ ಅಲ್ಲ.)

ತಂದ ದಿನ ಮಾಡೋ ಕೆಲಸ

ಹೊಸ ಡಿಸ್ಕನ್ನ ತಂದ ತಕ್ಷಣ ನಂಬಬೇಡಿ. ಮೊದಲು ಅದನ್ನ ಪೂರ್ತಿ ತುಂಬಿಸಿ ಓದಿಸಿ ನೋಡಿ. ವಿಂಡೋಸಿಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿಗೆ ಎಫ್3 ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕ್ ತುಂಬ ಬರೆದು, ಬರೆದಿದ್ದೇ ವಾಪಸ್ ಬಂತಾ ಅಂತ ಹೋಲಿಸುತ್ತೆ. ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೂ 1 ಟಿಬಿ ಬರೆಯೋಕೆ ಮೂರು ಗಂಟೆ ಹತ್ತಿರ, ಓದೋಕೆ ಇನ್ನಷ್ಟು. ರಾತ್ರಿ ಹಾಕಿ ಮಲಗಿ. ನಕಲಿ ಮಾಲು, ಹುಟ್ಟುರೋಗ ಎರಡೂ ಇದರಲ್ಲಿ ಸಿಕ್ಕಿಬೀಳುತ್ತೆ, ಅಂಗಡಿಯವರು ವಾಪಸ್ ತಗೊಳ್ಳೋ ಅವಧಿಯ ಒಳಗೇ.

ಆಮೇಲೆ ಸ್ಮಾರ್ಟ್ ವರದಿ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದರೆ ದೊಡ್ಡ ಪಟ್ಟಿ ಬರುತ್ತೆ, ಅದರಲ್ಲಿ ಮುಖ್ಯವಾಗಿ 05, ಸಿ5, ಸಿ6 ಅನ್ನೋ ಮೂರು ಸಾಲು ನೋಡಿ. 05 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು, ಸಿ5 ಅಂದರೆ ಓದೋಕೆ ಆಗದೆ ಅನುಮಾನದಲ್ಲಿ ಇಟ್ಟಿರೋವು, ಸಿ6 ಅಂದರೆ ಸರಿಪಡಿಸೋಕೆ ಆಗದವು. ಮೂರೂ ಸೊನ್ನೆ ಇರಬೇಕು. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಮೇಲೆ ಗೂಗಲ್‌ನವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮೊದಲ ಸ್ಕ್ಯಾನ್ ದೋಷ ಕಾಣಿಸಿಕೊಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಸಾಯೋ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಅಂತ ಅದರಲ್ಲಿ ಬರುತ್ತೆ. ಅಂದರೆ ಸೊನ್ನೆ ಹೋಗಿ ಅಂಕಿ ಬಂತು ಅಂದರೆ "ಇನ್ನೂ ನಡೀತಿದೆಯಲ್ಲ" ಅಂತ ಕೂರೋದಲ್ಲ, ಅವತ್ತೇ ಎಲ್ಲ ಬೇರೆ ಕಡೆ ಇಳಿಸ್ಕೋಬೇಕು. ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೆಟ್ಟ ಡಿಸ್ಕುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನಲ್ಲಿ ಯಾವ ದೋಷದ ಸುಳಿವನ್ನೂ ಕೊಡದೇ ಹೋಗಿದ್ದವು.

ಒಂದಲ್ಲ, ಎರಡು

ಇಲ್ಲಿಗೆ ಬಂದಾಗ ನಮ್ಮ ಹುಡುಕಾಟವೇ ತಪ್ಪು ದಾರಿಯಲ್ಲಿತ್ತು ಅಂತ ಗೊತ್ತಾಯಿತು. ಕೆಡದೇ ಇರೋ ಡಿಸ್ಕ್ ಇಲ್ಲ. ಕೆಟ್ಟರೂ ನಮಗೇನೂ ಆಗಬಾರದು, ಅದಕ್ಕೆ ಏನು ಮಾಡ್ಬೇಕು ಅನ್ನೋದು ಪ್ರಶ್ನೆ. ಬೀರುವಿನಲ್ಲಿದ್ದದ್ದನ್ನ ನಾವು ಏಳು ವರ್ಷ "ಬ್ಯಾಕಪ್ ಡಿಸ್ಕ್" ಅಂತ ಕರೆದೆವು. ಅದು ಬ್ಯಾಕಪ್ಪೇ ಆಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲ ಅಂತ ಕಟ್ ಮಾಡಿ ಅಲ್ಲಿ ಪೇಸ್ಟ್ ಮಾಡಿದ್ದು. ಮೊದಲು ಒಂದೇ ಕಡೆ ಇತ್ತು, ಆಮೇಲೂ ಒಂದೇ ಕಡೆ.

ಪೀಟರ್ ಕ್ರೋಗ್ ಅನ್ನೋ ಅಮೆರಿಕದ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ 3-2-1 ಅನ್ನೋ ಸೂತ್ರ ಇದೆ: ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಕೊನೆಯ ಒಂದು ಯಾಕೆ ಅಂದರೆ ಕಳ್ಳ ಬಂದರೆ, ಕೋಣೆಗೆ ನೀರು ನುಗ್ಗಿದರೆ ಪಕ್ಕಪಕ್ಕ ಇಟ್ಟ ಎರಡೂ ಒಟ್ಟಿಗೇ ಹೋಗುತ್ತೆ. 1998ರಲ್ಲಿ ಪಿಕ್ಸಾರ್‌ನಲ್ಲಿ ಟಾಯ್ ಸ್ಟೋರಿ 2 ಚಿತ್ರದ ಫೈಲುಗಳನ್ನ ಯಾರೋ ಅಳಿಸುವ ಕಮಾಂಡ್ ಕೊಟ್ಟು ಅಳಿಸಿಬಿಟ್ಟರು. ಬ್ಯಾಕಪ್ ತೆಗೆದು ನೋಡಿದರೆ ಅದು ಸರಿಯಾಗಿ ಆಗಿರಲೇ ಇಲ್ಲ. ಚಿತ್ರ ಉಳಿದಿದ್ದು ಗ್ಯಾಲಿನ್ ಸುಸ್‌ಮನ್ ಅನ್ನೋವ್ರಿಂದ. ಪುಟ್ಟ ಮಗು ಇದ್ದಿದ್ದರಿಂದ ಮನೆಯಿಂದ ಕೆಲಸ ಮಾಡ್ತಿದ್ದ ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಆ ಕಂಪ್ಯೂಟರನ್ನ ಕಂಬಳಿ ಸುತ್ತಿ ಕಾರಿನಲ್ಲಿ ತಂದರಂತೆ.

ಇಂಜಿನಿಯರ್‌ಗಳು ನಾವು, ನಮಗೆ ಹಾಗಾಗಲ್ಲ ಅನ್ನೋರಿಗೆ ಗಿಟ್‌ಲ್ಯಾಬ್ ಕಥೆ ಇದೆ. 2017ರ ಜನವರಿ 31ರ ರಾತ್ರಿ ಅವರ ಇಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿದರು. ಬ್ಯಾಕಪ್ಪಿಗೆ ಹಲವು ವ್ಯವಸ್ಥೆ ಇತ್ತು. ದಿನಾ ಆಗಬೇಕಿದ್ದ ಬ್ಯಾಕಪ್ ಆವೃತ್ತಿ ಹೊಂದದೆ ವಿಫಲ ಆಗ್ತಿತ್ತು, ವಿಫಲ ಆಯ್ತು ಅಂತ ತಿಳಿಸೋ ಇಮೇಲ್ ಕೂಡ ಯಾರಿಗೂ ತಲುಪ್ತಿರಲಿಲ್ಲ. ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ಒಬ್ಬರು ತೆಗೆದಿಟ್ಟ ಪ್ರತಿ ಇತ್ತು ಅಂತ ಬಚಾವಾದರು. ವಾಪಸ್ ತೆಗೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಸೆಮ್‌ಗೊಂದು ಸಲ ನಾಲ್ಕಾರು ಫೈಲನ್ನ ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ, ಸಾಕು.

ಹಾಗಾಗಿ ನಾವು 10,000ದಲ್ಲಿ ದುಬಾರಿ ಒಂದನ್ನ ಕೊಳ್ಳದೆ, ಸಾಧಾರಣ 1 ಟಿಬಿ ಡಿಸ್ಕ್ ಎರಡು ಕೊಂಡೆವು. ಬೇಕಂತಲೇ ಎರಡು ಬೇರೆ ಕಂಪನಿಯದ್ದು, ಬೇರೆ ಅಂಗಡಿಯಿಂದ. ಒಂದು ವರ್ಷದಲ್ಲಿ ಒಂದು ಕೆಡೋ ಸಂಭವ 0.02 ಅಂತ ಇಟ್ಟರೂ ಎರಡೂ ಕೆಡೋದು 0.0004. ಆದರೆ ಈ ಗುಣಾಕಾರ ನಡೆಯೋದು ಎರಡು ಘಟನೆ ಸ್ವತಂತ್ರ ಆಗಿದ್ದರೆ ಮಾತ್ರ, ನಾಲ್ಕನೇ ಸೆಮ್ ಮ್ಯಾಥ್ಸ್ ನೆನಪಿದೆ ತಾನೆ? ಒಂದೇ ಬ್ಯಾಚಿನ ಎರಡು ಡಿಸ್ಕನ್ನ ಒಂದೇ ಬ್ಯಾಗಲ್ಲಿ ಇಟ್ಟರೆ ಸ್ವಾತಂತ್ರ್ಯ ಎಲ್ಲಿಂದ ಬರುತ್ತೆ.

ಈಗ ಒಂದು ಬೀರುವಿನಲ್ಲಿದೆ, ಇನ್ನೊಂದು ಸಂಚಾಲಕ ಮೇಷ್ಟ್ರ ಮನೆಯಲ್ಲಿ. ತಿಂಗಳ ಮೊದಲ ಶನಿವಾರ ಎರಡನ್ನೂ ಅದಲುಬದಲು ಮಾಡ್ತೀವಿ. ಕಾಪಿ ಮುಗಿದ ತಕ್ಷಣ ಎಜೆಕ್ಟ್ ಕೊಟ್ಟು, ತಟ್ಟೆ ನಿಲ್ಲೋವರೆಗೂ ಕಾದು ತೆಗೀತೀವಿ. ಸದಾ ಚುಚ್ಚಿಟ್ಟಿರಲ್ಲ, ಯಾಕಂದ್ರೆ ವಾನ್ನಾಕ್ರೈ ಥರದ ರಾನ್ಸಮ್‌ವೇರ್ ಬಂದರೆ ಲ್ಯಾಪ್‌ಟಾಪಿನ ಜತೆ ಚುಚ್ಚಿರೋ ಡಿಸ್ಕನ್ನೂ ಲಾಕ್ ಮಾಡಿಬಿಡುತ್ತೆ. ತೀರಾ ಮುಖ್ಯವಾದ್ದು ಗೂಗಲ್ ಡ್ರೈವಿನ 15 ಜಿಬಿಯಲ್ಲೂ ಇದೆ, ಅದೂ ಸಂಘದ ಹೆಸರಿನ ಖಾತೆಯಲ್ಲಿ. ಯಾರೋ ಒಬ್ಬರ ಸ್ವಂತ ಖಾತೆಯಲ್ಲಿಟ್ಟರೆ ಅವರು ಪಾಸಾಗಿ ಹೋದ ಮೇಲೆ ಪಾಸ್‌ವರ್ಡಿಗೆ ಯಾರನ್ನ ಕೇಳೋದು? ಪ್ರತಿ ಡಿಸ್ಕಿನ ಮೇಲೆ ಬಿಳಿ ಟೇಪ್ ಅಂಟಿಸಿ ಕೊಂಡ ತಿಂಗಳು ಬರೆದಿದ್ದೇವೆ. ಐದು ವರ್ಷ ಆದ ಮೇಲೆ ಚೆನ್ನಾಗಿದ್ದರೂ ಬದಲಾಯಿಸಬೇಕು ಅಂತ ಸಂಘದ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಆಗ ನಾವಿರಲ್ಲ, ಓದೋರು ಓದಲಿ.

ಹಳೆಯ ಡಿಸ್ಕನ್ನ ಎಸೆದಿಲ್ಲ. ದುಡ್ಡು ಕೂಡಿದರೆ ಒಂದು ದಿನ ರಿಕವರಿಗೆ ಕೊಡಬಹುದು ಅಂತ ಪೇಟಗಳ ಕೆಳಗೆ ಸುತ್ತಿಟ್ಟಿದ್ದೇವೆ. ಅದಕ್ಕೂ ಮುಂಚೆ ಒಂದು ಕೋರಿಕೆ. ಕೊರೊನಾಗೆ ಮುಂಚಿನ ಬ್ಯಾಚಿನ ಅಣ್ಣಂದಿರೇ, ಅಕ್ಕಂದಿರೇ, ಲೈಬ್ರರಿಯ ಆ ಸಂದರ್ಶನ ಮಾಡಿದಾಗ ಕ್ಯಾಮೆರಾ ಹಿಡಿದವರು, ಎಡಿಟ್ ಮಾಡಿದವರು ನಿಮ್ಮಲ್ಲೇ ಯಾರೋ ಇದ್ದೀರಿ. ಮನೆಯ ಡ್ರಾಯರಿನಲ್ಲಿರೋ ಹಳೆಯ ಪೆನ್‌ಡ್ರೈವ್, ಕ್ಯಾಮೆರಾದ ಮೆಮೊರಿ ಕಾರ್ಡು, ಹಳೆಯ ಫೋನು ಒಂದು ಸಲ ತೆಗೆದು ನೋಡಿ. ಪೂರ್ತಿ ಇಲ್ಲದಿದ್ದರೂ ಪರವಾಗಿಲ್ಲ, ಎಡಿಟ್ ಮಾಡದೆ ಬಿಟ್ಟ ತುಣುಕಿದ್ದರೂ ಆಗುತ್ತೆ. ಸಂಘದ ಯಾರಿಗಾದರೂ ಹೇಳಿ ಕಳಿಸಿ, ನಾವೇ ಬಂದು ಕಾಪಿ ಮಾಡ್ಕೋತೀವಿ. ಎರಡೂ ಡಿಸ್ಕ್ ತಗೊಂಡು ಬರ್ತೀವಿ, ಬೇರೆ ಬೇರೆ ಬ್ಯಾಗಲ್ಲಿ.